ಖಾಯಂ ಮತ್ತು ಗುತ್ತಿಗೆ: ದುಡಿಮೆಯ ಕಟ್ಟಳೆಗಳ ಪರಿವರ್ತನೆ

ಒಂದು ಜನಪದವು ದುಡಿಮೆಯನ್ನು ಹೇಗೆ ಕಂಡಿತೆಂಬುದನ್ನು ಅರಿಯಬೇಕಾದರೆ ಅದರ ಕಾನೂನುಗಳನ್ನು ಮಾತ್ರ ನೋಡಿದರೆ ಸಾಲದು; ಅದರ ಮಾತುಗಳನ್ನೂ ನೋಡಬೇಕು. ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನ ಸುತ್ತಣ ಹಳ್ಳಿಗಳಲ್ಲಿ ಇಂದು ಮದುವೆಯ ಮಾತುಕತೆಗೆಂದು ಕುಳಿತ ಹಿರಿಯರು ವರನ ಮನೆತನವನ್ನು ವಿಚಾರಿಸಿದ ಬಳಿಕ ಕೇಳುವ ಪ್ರಶ್ನೆ ಒಂದೇ: “ಹುಡುಗನ ಕೆಲಸ ಖಾಯಮ್ಮೋ, ಗುತ್ತಿಗೆಯೋ?” ಈ ಎರಡು ಪದಗಳ ನಡುವಣ ಅಂತರದಲ್ಲಿ ಕಳೆದ ಎಪ್ಪತ್ತು ವರ್ಷಗಳ ಆರ್ಥಿಕ ಚರಿತ್ರೆಯೇ ಅಡಗಿದೆ ಎಂದರೆ ಅತಿಶಯೋಕ್ತಿಯಾಗಲಾರದು. ಯೋಜನಾಬದ್ಧವಾದ ಅರ್ಥವ್ಯವಸ್ಥೆಯಿಂದ ಮಾರುಕಟ್ಟೆಯ ವ್ಯವಸ್ಥೆಗೆ ದೇಶವು ಹೊರಳಿದಾಗ ದುಡಿಯುವವನ ಸ್ಥಿತಿಯಲ್ಲಿ ಉಂಟಾದ ಪಲ್ಲಟವೇನು, ಅದರಿಂದ ವಿದ್ಯಾಸಂಸ್ಥೆಗಳು ಕಲಿಯಬೇಕಾದುದೇನು ಎಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಪದಗಳ ಹಿನ್ನೆಲೆ

‘ಖಾಯಂ’ ಎಂಬುದು ಅರಬ್ಬೀ ಮೂಲದಿಂದ ಹಿಂದುಸ್ತಾನಿಯ ಮಾರ್ಗವಾಗಿ ಕನ್ನಡಕ್ಕೆ ಬಂದುದು. ‘ನಿಂತಿರುವುದು, ಸ್ಥಿರವಾದುದು’ ಎಂದು ಅದರ ಅರ್ಥ. ‘ಹಂಗಾಮಿ’ ಎಂಬುದು ಪಾರಸಿಯ ‘ಹಂಗಾಮ್’ ಎಂಬ ಕಾಲವಾಚಕದಿಂದ ಹುಟ್ಟಿದುದು. ಸುಗ್ಗಿಯ ಹಂಗಾಮಿನಂತೆ ಬಂದು ಹೋಗುವುದು ಎಂಬ ಭಾವ ಅದರಲ್ಲಿದೆ. ‘ಗುತ್ತಿಗೆ’ ಅಚ್ಚಗನ್ನಡದ ಮಾತು. ಶಾಸನಗಳಲ್ಲಿ ‘ಗುತ್ತ’, ‘ಗುತ್ತಗೆ’ ಎಂಬ ರೂಪಗಳು ಭೂಮಿಯ ನಿಗದಿತ ಗೇಣಿಯನ್ನು ಸೂಚಿಸುತ್ತವೆ. ನೆಲಕ್ಕೆ ಸಲ್ಲುತ್ತಿದ್ದ ಮಾತು ಕಾಲಾಂತರದಲ್ಲಿ ಮನುಷ್ಯನ ದುಡಿಮೆಗೂ ಸಂದಿತು. ‘ಸಂಬಳ’ಕ್ಕೆ ಮೂಲವಾದ ಸಂಸ್ಕೃತ ‘ಶಂಬಲ’ ಶಬ್ದಕ್ಕೆ ದಾರಿಯ ಬುತ್ತಿ ಎಂಬ ಅರ್ಥವಿದೆ.

ಇವೆಲ್ಲಕ್ಕಿಂತ ವಿಚಾರಾರ್ಹವಾದುದು ‘ಜೀತ’. ‘ಜೀವಿತ’ ಎಂಬ ಪದದಿಂದ ಬಂದ ಇದು ಒಂದಾನೊಂದು ಕಾಲದಲ್ಲಿ ಜೀವನೋಪಾಯಕ್ಕೆಂದು ಸಲ್ಲುವ ವೇತನವನ್ನೇ ಹೇಳುತ್ತಿತ್ತು. ಅದರಲ್ಲಿ ಯಾವ ಹೀನಾರ್ಥವೂ ಇರಲಿಲ್ಲ. ಸಾಲದ ಹೊರೆಯಿಂದ ಆಳು ಒಡೆಯನ ಮನೆಗೆ ಕಟ್ಟುಬಿದ್ದ ಮೇಲೆ ಆ ಮಾತಿಗೆ ಕಳಂಕ ಹತ್ತಿತು. 1976ರಲ್ಲಿ ಜೀತಪದ್ಧತಿಯನ್ನು ರದ್ದುಗೊಳಿಸುವ ಕಾನೂನನ್ನೇ ಸಂಸತ್ತು ಮಾಡಬೇಕಾಯಿತು. ವೇತನವಾಚಿಯಾದ ಮಾತು ದಾಸ್ಯವಾಚಿಯಾದ ಈ ಪರಿಯು ಒಂದು ಸತ್ಯವನ್ನು ತಿಳಿಸುತ್ತದೆ: ದುಡಿಮೆಗೆ ಪ್ರತಿಫಲ ದೊರೆತರೆ ಮಾತ್ರ ಸಾಲದು, ಒಪ್ಪಂದದ ಷರತ್ತುಗಳು ದುಡಿಯುವವನಿಗೆ ತಿಳಿದಿರಬೇಕು ಮತ್ತು ಅವನ ಹಿಡಿತದಲ್ಲಿರಬೇಕು. ಇಲ್ಲದಿದ್ದರೆ ಯಾವ ಸಂಬಳವಾದರೂ ಜೀತವಾಗಬಹುದು.

ಯೋಜನೆಯ ಕಾಲ

ಬೆಂಗಳೂರಿನ ಸೀಮೆಯಲ್ಲಿ ‘ಖಾಯಂ’ ಎಂಬ ಮಾತಿಗೆ ಘನತೆ ತಂದುಕೊಟ್ಟವು ಸಾರ್ವಜನಿಕ ಕ್ಷೇತ್ರದ ಕಾರ್ಖಾನೆಗಳು. 1940ರಲ್ಲಿ ಮೈಸೂರು ಸರ್ಕಾರದ ನೆರವಿನಿಂದ ವಾಲ್‌ಚಂದ್ ಹೀರಾಚಂದರು ಸ್ಥಾಪಿಸಿದ ಹಿಂದುಸ್ತಾನ್ ಏರ್‌ಕ್ರಾಫ್ಟ್ ಬಳಿಕ ಸರ್ಕಾರದ ಸ್ವಾಮ್ಯಕ್ಕೆ ಬಂದು ಎಚ್.ಎ.ಎಲ್. ಆಯಿತು. 1948ರಲ್ಲಿ ದೂರವಾಣಿ ಉಪಕರಣಗಳ ಐ.ಟಿ.ಐ., 1953ರಲ್ಲಿ ಯಂತ್ರೋಪಕರಣಗಳ ಎಚ್.ಎಂ.ಟಿ., 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್, 1964ರಲ್ಲಿ ಬಿ.ಇ.ಎಂ.ಎಲ್. ಹುಟ್ಟಿಕೊಂಡುವು. 1956ರ ಕೈಗಾರಿಕಾ ನೀತಿ ನಿರ್ಣಯವು ಮೂಲೋದ್ಯಮಗಳ ಹೊಣೆಯನ್ನು ಸರ್ಕಾರದ ಹೆಗಲಿಗೆ ಏರಿಸಿತು. ಯಾವ ವಸ್ತುವನ್ನು ಎಷ್ಟು ತಯಾರಿಸಬೇಕು, ಯಾರು ತಯಾರಿಸಬೇಕು ಎಂಬುದಕ್ಕೆ ಪರವಾನಗಿ ಬೇಕಾಗಿದ್ದ ಕಾಲವದು.

ಆ ಕಾರ್ಖಾನೆಗಳಲ್ಲಿ ಕೆಲಸ ದೊರೆತವನ ಬಾಳು ಬಹುಮಟ್ಟಿಗೆ ನಿಶ್ಚಿತವಾಗಿತ್ತು. ವಸತಿ, ಆಸ್ಪತ್ರೆ, ಮಕ್ಕಳಿಗೆ ಶಾಲೆ, ಅಗ್ಗದ ಊಟ, ಬೆಳಗ್ಗೆ ಬಂದು ಸಂಜೆ ಬಿಡುವ ಕಾರ್ಖಾನೆಯ ಬಸ್ಸು, ಕೊನೆಯಲ್ಲಿ ಭವಿಷ್ಯನಿಧಿ ಮತ್ತು ಉಪದಾನ – ಇವೆಲ್ಲ ಹುದ್ದೆಯೊಡನೆ ಬರುತ್ತಿದ್ದುವು. ಹಳಗನ್ನಡ ಸಾಹಿತ್ಯದಲ್ಲಿ ‘ಜೋಳವಾಳಿ’ ಎಂಬೊಂದು ಕಲ್ಪನೆಯಿದೆ: ಅನ್ನವಿತ್ತವನಿಗೆ ಆಳು ತೋರಬೇಕಾದ ನಿಷ್ಠೆಯ ಋಣ. ಕಾರ್ಖಾನೆ ಮತ್ತು ಕೆಲಸಗಾರರ ನಡುವೆ ಅಂಥದೇ ಒಂದು ಬಂಧ ಏರ್ಪಟ್ಟಿತ್ತು. ಭೇದವಿಷ್ಟೇ: ಇಲ್ಲಿ ಋಣವು ಎರಡೂ ಕಡೆಗಿದ್ದು, ಅದನ್ನು ಕಾನೂನು ಬರೆದಿಟ್ಟಿತ್ತು.

ಆ ಕಾನೂನುಗಳ ಸಾಲು ದೀರ್ಘವಾದುದು. ಕೆಲಸದ ನಿಯಮಗಳನ್ನು ಲಿಖಿತವಾಗಿ ಪ್ರಕಟಿಸಬೇಕೆಂಬ 1946ರ ಸ್ಥಾಯೀ ಆದೇಶಗಳ ಕಾಯಿದೆ, 1947ರ ಕೈಗಾರಿಕಾ ವಿವಾದಗಳ ಕಾಯಿದೆ, 1948ರಲ್ಲಿ ಒಟ್ಟೊಟ್ಟಿಗೆ ಬಂದ ಕಾರ್ಖಾನೆ, ಕನಿಷ್ಠ ವೇತನ ಹಾಗೂ ರಾಜ್ಯವಿಮಾ ಕಾಯಿದೆಗಳು, 1952ರ ಭವಿಷ್ಯನಿಧಿ, 1970ರ ಗುತ್ತಿಗೆ ಕಾರ್ಮಿಕರ ಕಾಯಿದೆ, 1972ರ ಉಪದಾನ ಕಾಯಿದೆ – ಇವು ಮುಖ್ಯವಾದುವು. 1976ರಲ್ಲಿ ವಿವಾದಗಳ ಕಾಯಿದೆಗೆ ಸೇರಿದ ಹೊಸ ಅಧ್ಯಾಯವು, 300 ಅಥವಾ ಅದಕ್ಕೂ ಹೆಚ್ಚು ಕೆಲಸಗಾರರಿರುವ ಕಾರ್ಖಾನೆಯು ಸರ್ಕಾರದ ಅನುಮತಿಯಿಲ್ಲದೆ ಯಾರನ್ನೂ ಹಿಂಕಡಿತ ಮಾಡಕೂಡದು, ಬಾಗಿಲು ಮುಚ್ಚಕೂಡದು ಎಂದು ವಿಧಿಸಿತು. 1982ರ ತಿದ್ದುಪಡಿ ಈ ಮಿತಿಯನ್ನು 100ಕ್ಕೆ ಇಳಿಸಿತು. ಅದು 1984ರಲ್ಲಿ ಜಾರಿಗೆ ಬಂದಿತು.

ಸಂಘಟಿತ ಕಾರ್ಮಿಕಶಕ್ತಿಯ ಪರಾಕಾಷ್ಠೆಯನ್ನು ಬೆಂಗಳೂರು ಕಂಡುದು 1980ರ ಡಿಸೆಂಬರಿನ ಕೊನೆಯಲ್ಲಿ ಆರಂಭವಾದ ಮುಷ್ಕರದಲ್ಲಿ. ಬಿ.ಎಚ್.ಇ.ಎಲ್. ಕೆಲಸಗಾರರಿಗೆ ಸಮನಾದ ವೇತನ ಬೇಕೆಂದು ಸಾರ್ವಜನಿಕ ಕ್ಷೇತ್ರದ ಐದು ಕಾರ್ಖಾನೆಗಳ ಸುಮಾರು 1.25 ಲಕ್ಷ ಮಂದಿ 77 ದಿನಗಳ ಕಾಲ ಕೆಲಸ ನಿಲ್ಲಿಸಿದರು. ಬೇಡಿಕೆಯು ಪೂರ್ಣವಾಗಿ ಈಡೇರದೆಯೇ 1981ರ ಮಾರ್ಚಿನಲ್ಲಿ ಮುಷ್ಕರ ಮುಗಿಯಿತು. ಬಂಡವಾಳಗಾರನ ಬದಲು ಸರ್ಕಾರವೇ ಮಾಲೀಕನಾದಾಗಲೂ ವೇತನದ ಪ್ರಶ್ನೆ ತಾನಾಗಿ ಬಗೆಹರಿಯದೆಂಬುದು ಆಗ ಎಲ್ಲರಿಗೂ ವಿದಿತವಾಯಿತು.

ಬೇಲಿಯ ಹೊರಗೆ ಉಳಿದವರು

ಹೀಗೆ ಕಟ್ಟಿದ ರಕ್ಷಣೆಯ ಬೇಲಿ ಗಟ್ಟಿಯಾಗಿತ್ತು. ಆದರೆ ಅದರೊಳಗೆ ಇದ್ದವರು ಎಷ್ಟು ಮಂದಿ? ಅರ್ಜುನ್ ಸೇನ್‌ಗುಪ್ತಾ ಅವರ ಅಧ್ಯಕ್ಷತೆಯ ರಾಷ್ಟ್ರೀಯ ಆಯೋಗವು 2004–05ರ ಅಂಕಿಗಳನ್ನು ಪರಿಶೀಲಿಸಿ, ದೇಶದ ದುಡಿಯುವವರಲ್ಲಿ ನೂರಕ್ಕೆ 92 ಮಂದಿ ಯಾವ ಭದ್ರತೆಯೂ ಇಲ್ಲದ ಅನೌಪಚಾರಿಕ ಕೆಲಸಗಾರರೆಂದು ತಿಳಿಸಿತು. ದೊಡ್ಡಬಳ್ಳಾಪುರದ ಮನೆಮನೆಗಳಲ್ಲಿ ವಿದ್ಯುತ್ ಮಗ್ಗದ ಮುಂದೆ ನಿಂತು ಸೀರೆಯ ಲೆಕ್ಕದಲ್ಲಿ ಕೂಲಿ ಪಡೆಯುವ ನೇಕಾರ, ಹೊಸಕೋಟೆಯ ಇಟ್ಟಿಗೆಗೂಡಿನ ಆಳು, ದೇವನಹಳ್ಳಿಯ ದ್ರಾಕ್ಷಿ ತೋಟದಲ್ಲಿ ದಿನಗೂಲಿಗೆ ಬರುವ ಹೆಂಗಸು – ಇವರಿಗೆ 1976ರ ಅಧ್ಯಾಯದಿಂದ ಒಂದು ಕಾಸಿನ ಪ್ರಯೋಜನವೂ ಇರಲಿಲ್ಲ.

ಇಲ್ಲೊಂದು ಮೂಲಭೂತ ದೋಷವನ್ನು ಗುರುತಿಸಬೇಕು. ಯೋಜನೆಯ ಕಾಲದಲ್ಲಿ ರಕ್ಷಣೆಯು ಹುದ್ದೆಗೆ ಅಂಟಿಕೊಂಡಿತ್ತೇ ಹೊರತು ದುಡಿಯುವ ವ್ಯಕ್ತಿಗಲ್ಲ. ಹುದ್ದೆ ಇರುವವರೆಗೆ ಔಷಧ, ವಸತಿ, ನಿವೃತ್ತಿಯ ಹಣ. ಹುದ್ದೆ ಹೋದರೆ ಎಲ್ಲವೂ ಹೋಯಿತು. ಹುದ್ದೆಯೇ ದೊರೆಯದವನಿಗೆ ಮೊದಲಿನಿಂದಲೂ ಏನೂ ಇಲ್ಲ. ಈ ದೋಷವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದೆ ನಡೆದುದೆಲ್ಲವೂ ಸುಲಭವಾಗಿ ಅರ್ಥವಾಗುತ್ತದೆ.

1991ರ ತಿರುವು

1991ರಲ್ಲಿ ದೇಶದ ವಿದೇಶೀ ವಿನಿಮಯದ ಸಂಗ್ರಹವು ಕೆಲವೇ ವಾರಗಳ ಆಮದಿಗೆ ಸಾಕಾಗುವಷ್ಟಕ್ಕೆ ಇಳಿದು, ಚಿನ್ನವನ್ನು ಹೊರದೇಶದಲ್ಲಿ ಒತ್ತೆಯಿಡಬೇಕಾದ ಸ್ಥಿತಿ ಬಂದೊದಗಿತು. ಪಿ. ವಿ. ನರಸಿಂಹರಾಯರ ಸರ್ಕಾರವು ಜುಲೈ 24ರಂದು ಪ್ರಕಟಿಸಿದ ಕೈಗಾರಿಕಾ ನೀತಿಯು 18 ಉದ್ಯಮಗಳನ್ನುಳಿದು ಮಿಕ್ಕೆಲ್ಲಕ್ಕೂ ಪರವಾನಗಿಯನ್ನು ತೆಗೆದುಹಾಕಿತು. ಸಾರ್ವಜನಿಕ ಕ್ಷೇತ್ರಕ್ಕೆ ಮೀಸಲಾಗಿದ್ದ 17 ಉದ್ಯಮಗಳನ್ನು 8ಕ್ಕೆ ಇಳಿಸಿತು. ವಸ್ತುಗಳ ಮಾರುಕಟ್ಟೆ, ಹಣದ ಮಾರುಕಟ್ಟೆ ಎರಡೂ ಒಂದೊಂದಾಗಿ ತೆರೆದುವು. ಆದರೆ ದುಡಿಮೆಯ ಕಾನೂನುಗಳನ್ನು ಮಾತ್ರ ಯಾವ ಸರ್ಕಾರವೂ ಮೂರು ದಶಕಗಳ ಕಾಲ ಬುಡಸಹಿತ ಬದಲಿಸಲಿಲ್ಲ. ರವೀಂದ್ರ ವರ್ಮಾ ಅವರ ಅಧ್ಯಕ್ಷತೆಯ ಎರಡನೆಯ ರಾಷ್ಟ್ರೀಯ ಕಾರ್ಮಿಕ ಆಯೋಗವು 2002ರಲ್ಲಿ, ಇರುವ ಕಾನೂನುಗಳನ್ನು ಕೆಲವೇ ಗುಂಪುಗಳಾಗಿ ಅಡಕಗೊಳಿಸಬೇಕೆಂದು ಸಲಹೆಯಿತ್ತರೂ ಅದು ಬಹುಕಾಲ ಕಾಗದದಲ್ಲಿಯೇ ಉಳಿಯಿತು.

ಹಾಗಾದರೆ ಖಾಯಂ ಕೆಲಸಗಳು ಕರಗಿದುದು ಹೇಗೆ? ಮೊದಲನೆಯ ದಾರಿ ಸ್ವಯಂನಿವೃತ್ತಿ. ಸಾರ್ವಜನಿಕ ಕ್ಷೇತ್ರಕ್ಕಾಗಿ 1988ರ ಅಕ್ಟೋಬರಿನಲ್ಲಿಯೇ ರೂಪಿಸಿದ್ದ ಯೋಜನೆಯಂತೆ, ತಾನಾಗಿ ಕೆಲಸ ಬಿಡುವವನಿಗೆ ಪ್ರತಿ ವರ್ಷದ ಸೇವೆಗೆ 45 ದಿನಗಳ ವೇತನ, ಅಥವಾ ಉಳಿದ ಸೇವಾವಧಿಯ ವೇತನ – ಇವುಗಳಲ್ಲಿ ಕಡಿಮೆಯಾದುದು ಸಲ್ಲುತ್ತಿತ್ತು. 20 ವರ್ಷ ದುಡಿದವನಿಗೆ 900 ದಿನಗಳ, ಎಂದರೆ ಮೂವತ್ತು ತಿಂಗಳ ವೇತನ. ನಲವತ್ತೈದರ ಪ್ರಾಯದವನಿಗೆ ಮೂವತ್ತು ತಿಂಗಳ ಬಳಿಕವೂ ಹತ್ತಿಪ್ಪತ್ತು ವರ್ಷಗಳ ಸಂಸಾರವಿರುತ್ತದೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಹೀಗೆ ಕೆಲಸ ಕಳೆದುಕೊಂಡವರಿಗೆ ಹೊಸ ಕುಶಲತೆಯನ್ನು ಕಲಿಸುವುದಕ್ಕೂ ಸೇರಿದಂತೆ 1992ರ ಫೆಬ್ರವರಿಯಲ್ಲಿ ರಾಷ್ಟ್ರೀಯ ನವೀಕರಣ ನಿಧಿಯನ್ನು ಸ್ಥಾಪಿಸಲಾಯಿತು. ಆ ನಿಧಿಯ ಬಹುಪಾಲು ಹಣವು ಜನರನ್ನು ಕೆಲಸದಿಂದ ಕಳುಹಿಸುವುದಕ್ಕೇ ವೆಚ್ಚವಾಗಿ, ಮರುತರಬೇತಿಗೆ ಉಳಿದುದು ಅಲ್ಪ. 2000ದಲ್ಲಿ ನಿಧಿಯನ್ನೇ ಮುಚ್ಚಲಾಯಿತು. ಹೊರಗೆ ಹೋಗುವ ಬಾಗಿಲನ್ನು ತೆರೆದವರು ಒಳಗೆ ಬರುವ ಮತ್ತೊಂದು ಬಾಗಿಲನ್ನು ಕಟ್ಟದೆ ಹೋದುದೇ ಆ ಕಾಲದ ಸುಧಾರಣೆಯ ದೊಡ್ಡ ಕೊರತೆ.

ಕಾರ್ಖಾನೆಗಳ ಅವನತಿಗೆ ಕಾರ್ಮಿಕ ಕಾನೂನುಗಳೇ ಕಾರಣವೆಂದು ಹೇಳುವವರುಂಟು. ಎಚ್.ಎಂ.ಟಿ.ಯ ಕಥೆ ಅದನ್ನು ಪೂರ್ಣವಾಗಿ ಸಮರ್ಥಿಸುವುದಿಲ್ಲ. 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಿಂದ ಕೈಗಡಿಯಾರಗಳ ತಯಾರಿಕೆಯನ್ನು ಆರಂಭಿಸಿದ ಆ ಸಂಸ್ಥೆಯು ಕೀಲಿಗಡಿಯಾರಗಳಲ್ಲಿ ದೇಶಕ್ಕೇ ಹೆಸರಾಗಿತ್ತು. 1987ರಲ್ಲಿ ನೆರೆಯ ಹೊಸೂರಿನಿಂದ ಟೈಟಾನ್ ಗಡಿಯಾರಗಳು ಬಂದಾಗ ಜನರ ಅಭಿರುಚಿ ಕ್ವಾರ್ಟ್ಜ್ ಯಂತ್ರದತ್ತ ತಿರುಗಿತು, ಎಚ್.ಎಂ.ಟಿ. ತಿರುಗುವುದಕ್ಕೆ ತಡಮಾಡಿತು. ಕೈಯಲ್ಲಿ ಅದ್ವಿತೀಯ ಕೌಶಲ್ಯವಿದ್ದ ಕುಶಲಕರ್ಮಿಗಳು ಆ ತಡದ ಬೆಲೆಯನ್ನು ತೆತ್ತರು. 2016ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟವು ಎಚ್.ಎಂ.ಟಿ. ವಾಚಸ್ ಸಂಸ್ಥೆಯನ್ನು ಮುಚ್ಚಲು ಒಪ್ಪಿಗೆಯಿತ್ತಿತು. ತುಮಕೂರಿನ ಗಡಿಯಾರ ಕಾರ್ಖಾನೆಯ ನೆಲವು ಇಸ್ರೋ ಸಂಸ್ಥೆಯ ವಶಕ್ಕೆ ಹೋಯಿತು. ದೂರವಾಣಿನಗರದ ಐ.ಟಿ.ಐ.ಯದೂ ಬಹುಮಟ್ಟಿಗೆ ಇದೇ ಬಗೆ: ಒಬ್ಬನೇ ಗಿರಾಕಿಯಾದ ದೂರಸಂಪರ್ಕ ಇಲಾಖೆಯನ್ನು ನಂಬಿ ಬೆಳೆದ ಕಾರ್ಖಾನೆಗೆ 1994ರ ದೂರಸಂಪರ್ಕ ನೀತಿಯ ಬಳಿಕ ಹೊರಗಿನ ಪೈಪೋಟಿಯನ್ನು ತಾಳಿಕೊಳ್ಳುವುದು ಕಠಿಣವಾಯಿತು. ಯಂತ್ರ, ಬೇಡಿಕೆ, ಆಡಳಿತದ ದೂರದೃಷ್ಟಿ – ಇವು ತಪ್ಪಿದಾಗ ಕಾನೂನು ಕೆಲಸವನ್ನು ಉಳಿಸಲಾರದು.

ಹಿತ್ತಿಲ ಬಾಗಿಲು

ಎರಡನೆಯ ದಾರಿ ಹೆಚ್ಚು ಮೌನವಾದುದು. ಮುಂಬಾಗಿಲಿನಲ್ಲಿ ಕಾನೂನು ಕಾವಲಿದ್ದುದರಿಂದ ಬದಲಾವಣೆಯು ಹಿತ್ತಿಲ ಬಾಗಿಲಿನಿಂದ ಒಳಗೆ ಬಂದಿತು. ಅದರ ಹೆಸರು ಗುತ್ತಿಗೆ. ಕೈಗಾರಿಕೆಗಳ ವಾರ್ಷಿಕ ಸಮೀಕ್ಷೆಯ ಪ್ರಕಾರ, 1990ರ ದಶಕದ ಕೊನೆಯಲ್ಲಿ ಕಾರ್ಖಾನೆಗಳ ಕೆಲಸಗಾರರಲ್ಲಿ ಸುಮಾರು ಆರರಲ್ಲೊಬ್ಬನಷ್ಟು ಇದ್ದ ಗುತ್ತಿಗೆ ಕಾರ್ಮಿಕರ ಪ್ರಮಾಣವು 2023–24ರ ಹೊತ್ತಿಗೆ ಐದರಲ್ಲಿ ಇಬ್ಬರನ್ನೂ ಮೀರಿತು. ಒಂದೇ ಯಂತ್ರದ ಎರಡು ಬದಿಗಳಲ್ಲಿ ನಿಂತು ಒಂದೇ ಕೆಲಸ ಮಾಡುವ ಇಬ್ಬರಲ್ಲಿ ಒಬ್ಬನಿಗೆ ರಜೆ, ಬಡ್ತಿ, ಉಪದಾನಗಳಿದ್ದರೆ ಮತ್ತೊಬ್ಬನಿಗೆ ತನ್ನ ಮಾಲೀಕನು ಕಾರ್ಖಾನೆಯೋ ಗುತ್ತಿಗೆದಾರನೋ ಎಂಬುದೇ ತಿಳಿಯದು.

ನ್ಯಾಯಾಲಯಗಳ ನಿಲುವೂ ಈ ಅವಧಿಯಲ್ಲಿ ಬದಲಾಯಿತು. ಗುತ್ತಿಗೆ ಪದ್ಧತಿಯನ್ನು ನಿಷೇಧಿಸಿದ ಕೆಲಸದಲ್ಲಿದ್ದವರು ತಾವಾಗಿಯೇ ಖಾಯಂ ನೌಕರರಾಗುತ್ತಾರೆಂದು 1996ರಲ್ಲಿ ಹೇಳಿದ್ದ ಸುಪ್ರೀಂ ಕೋರ್ಟು, 2001ರಲ್ಲಿ ಉಕ್ಕು ಪ್ರಾಧಿಕಾರದ ಪ್ರಕರಣದಲ್ಲಿ ಆ ನಿಲುವನ್ನು ಕೈಬಿಟ್ಟಿತು. ಕರ್ನಾಟಕ ಸರ್ಕಾರದ ದಿನಗೂಲಿ ನೌಕರರಿಗೆ ಸಂಬಂಧಿಸಿದ ಉಮಾದೇವಿ ಪ್ರಕರಣದಲ್ಲಿ 2006ರ ಏಪ್ರಿಲಿನಲ್ಲಿ ಸಂವಿಧಾನಪೀಠವು, ಕ್ರಮಬದ್ಧ ನೇಮಕಾತಿಯಿಲ್ಲದೆ ಎಷ್ಟು ವರ್ಷ ದುಡಿದರೂ ಖಾಯಮಾತಿ ಒಂದು ಹಕ್ಕಲ್ಲವೆಂದು ಸಾರಿತು. ಆದರೆ ನಿತ್ಯದ ಕೆಲಸಕ್ಕೆ ವರ್ಷಗಟ್ಟಲೆ ದುಡಿಸಿಕೊಂಡವರನ್ನು ವಂಚಿಸುವುದಕ್ಕೆ ಆ ತೀರ್ಪನ್ನು ಗುರಾಣಿಯಾಗಿಸಿಕೊಳ್ಳಬಾರದೆಂದು ಅದೇ ನ್ಯಾಯಾಲಯವು 2024ರ ಡಿಸೆಂಬರಿನಲ್ಲಿ ಜಗ್ಗೋ ಪ್ರಕರಣದಲ್ಲಿ ಎಚ್ಚರಿಸಿತು.

ಬೆಂಗಳೂರಿನ ಹೊರವಲಯವು ಈ ಹೊಸ ವ್ಯವಸ್ಥೆಯ ಗುಣದೋಷಗಳೆರಡಕ್ಕೂ ಸಾಕ್ಷಿಯಾಗಿದೆ. ಸಿದ್ಧ ಉಡುಪಿನ ಕಾರ್ಖಾನೆಗಳು ಸಾವಿರಾರು ಗ್ರಾಮೀಣ ಸ್ತ್ರೀಯರ ಕೈಗೆ ಮೊದಲ ಬಾರಿಗೆ ತಿಂಗಳ ಸಂಬಳವನ್ನು ತಂದುಕೊಟ್ಟುವು. 2016ರಲ್ಲಿ ಭವಿಷ್ಯನಿಧಿಯಲ್ಲಿನ ಮಾಲೀಕನ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯಕೂಡದೆಂಬ ನಿಯಮ ಹೊರಟಾಗ, ಏಪ್ರಿಲ್ 18 ಮತ್ತು 19ರಂದು ಆ ಸ್ತ್ರೀಯರೇ ಬೆಂಗಳೂರಿನ ಹೆದ್ದಾರಿಗಳಿಗೆ ಇಳಿದರು. ಕೇಂದ್ರ ಸರ್ಕಾರ ನಿಯಮವನ್ನು ಹಿಂತೆಗೆದುಕೊಂಡಿತು. ಕೆಲಸ ಯಾವಾಗ ಹೋಗುವುದೋ ಅರಿಯದವಳಿಗೆ ಭವಿಷ್ಯನಿಧಿಯು ವೃದ್ಧಾಪ್ಯದ ಗಂಟಲ್ಲ. ಕೆಲಸವಿಲ್ಲದ ತಿಂಗಳುಗಳ ಬುತ್ತಿ. ‘ಸಂಬಳ’ದ ಮೂಲಾರ್ಥವು ಅಲ್ಲಿ ಮತ್ತೆ ಜೀವ ತಳೆದಂತಾಯಿತು. ಹೊಸಕೋಟೆಯನ್ನು ದಾಟಿದರೆ ಸಿಗುವ ಕೋಲಾರ ಜಿಲ್ಲೆಯ ನರಸಾಪುರದಲ್ಲಿ 2020ರ ಡಿಸೆಂಬರ್ 12ರಂದು ವಿಸ್ಟ್ರಾನ್ ಕಾರ್ಖಾನೆಯಲ್ಲಿ ವೇತನದ ವಿಷಯವಾಗಿ ದೊಂಬಿ ನಡೆದು ಯಂತ್ರೋಪಕರಣಗಳು ಹಾಳಾದುವು. ಅಂಥ ಕೃತ್ಯವನ್ನು ಯಾರೂ ಸಮರ್ಥಿಸಲಾರರು. ಆದರೆ ಕೆಲವು ಕೆಲಸಗಾರರಿಗೆ ಸರಿಯಾಗಿ, ಸಕಾಲದಲ್ಲಿ ವೇತನ ಸಂದಿರಲಿಲ್ಲವೆಂದು ಆ ಸಂಸ್ಥೆಯೇ ಒಪ್ಪಿ ಕ್ಷಮೆ ಕೋರಿತೆಂಬುದನ್ನೂ ಮರೆಯಲಾಗದು. ದೂರನ್ನು ಕೇಳುವ ಕಿವಿ ಎಲ್ಲಿಯೂ ಇಲ್ಲದಾಗ ಕೋಪವು ಬೀದಿಯನ್ನು ಹುಡುಕುತ್ತದೆ.

ನಲ್ಲೂರಿನ ಸೀಮೆ

ಇನ್ನು ನಲ್ಲೂರಿನ ಸೀಮೆಯ ಸ್ಥಿತಿಯನ್ನು ನೋಡೋಣ. ಊರಿನ 54 ಎಕರೆಯ ಪುರಾತನ ಹುಣಸೆತೋಪು 2007ರಲ್ಲಿ ಭಾರತದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿತವಾಯಿತು. ಮರುವರ್ಷವೇ, 2008ರ ಮೇ ತಿಂಗಳಲ್ಲಿ, ದೇವನಹಳ್ಳಿಯ ವಿಮಾನನಿಲ್ದಾಣ ಆರಂಭವಾಯಿತು. ಅಲ್ಲಿಂದೀಚೆಗೆ ಉದ್ಯಮಗಳು ಒಂದೊಂದಾಗಿ ಉತ್ತರಕ್ಕೆ ಸರಿದು, ಫಾಕ್ಸ್‌ಕಾನ್ ಸಂಸ್ಥೆಯ ಮೊಬೈಲ್ ಕಾರ್ಖಾನೆಯೂ 2025ರಲ್ಲಿ ತಾಲ್ಲೂಕಿನಲ್ಲಿ ಕೆಲಸ ಪ್ರಾರಂಭಿಸಿತು. ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆ ಭೂಮಿಯನ್ನು ಕೈಗಾರಿಕೆಗೆ ಸ್ವಾಧೀನಪಡಿಸಿಕೊಳ್ಳುವ ಪ್ರಸ್ತಾವವನ್ನು ವಿರೋಧಿಸಿ ರೈತರು 2022ರಿಂದ ಮೂರು ವರ್ಷಗಳಿಗೂ ಮೀರಿ ಹೋರಾಡಿದರು; 2025ರ ಜುಲೈ 15ರಂದು ಸರ್ಕಾರ ಅದನ್ನು ಕೈಬಿಟ್ಟಿತು. ಆ ಹೋರಾಟದ ಒಡಲಲ್ಲಿ ಇದ್ದುದು ನೆಲದ ಪ್ರಶ್ನೆಯೊಂದೇ ಅಲ್ಲ. ನೆಲವನ್ನು ಬಿಟ್ಟುಕೊಟ್ಟ ಮನೆಯ ಮಗನಿಗೆ ದೊರೆಯುವ ಕೆಲಸ ಎಂಥದು, ಎಷ್ಟು ದಿನದ್ದು ಎಂಬ ಪ್ರಶ್ನೆಯೂ ಅಲ್ಲಿತ್ತು. ತಲೆಮಾರುಗಳ ಕಾಲ ಅನ್ನವಿತ್ತ ನೆಲಕ್ಕೆ ಹನ್ನೊಂದು ತಿಂಗಳ ಗುತ್ತಿಗೆಯ ಚೀಟಿ ಬದಲಾಗಲಾರದೆಂಬುದನ್ನು ಅರಿಯಲು ಅರ್ಥಶಾಸ್ತ್ರದ ಪಾಂಡಿತ್ಯ ಬೇಕಾಗಿಲ್ಲ.

ಅನ್ಯದೇಶದ ನಿದರ್ಶನ

ಈ ಸಂಕಟ ಭಾರತಕ್ಕೆ ಮಾತ್ರ ಮೀಸಲಾದುದಲ್ಲ. ಚೀನದಲ್ಲಿ ಸರ್ಕಾರಿ ಕಾರ್ಖಾನೆಯ ಕೆಲಸವನ್ನು ‘ಕಬ್ಬಿಣದ ಅನ್ನದ ಬಟ್ಟಲು’ ಎಂದು ಕರೆಯುವ ರೂಢಿಯಿತ್ತು. ಎಂದಿಗೂ ಒಡೆಯದ ಅನ್ನದ ತಟ್ಟೆಯೆಂದು ಅದರ ಆಶಯ. 1986ರಲ್ಲಿ ಅಲ್ಲಿಯ ಸರ್ಕಾರವು ಹೊಸಬರಿಗೆ ಅವಧಿಯ ಒಪ್ಪಂದದ ಪದ್ಧತಿಯನ್ನು ತಂದಿತು. 1990ರ ದಶಕದ ಉತ್ತರಾರ್ಧದಲ್ಲಿ ಕೋಟಿಗಟ್ಟಲೆ ಜನ ಸರ್ಕಾರಿ ಕಾರ್ಖಾನೆಗಳಿಂದ ಹೊರಬಿದ್ದರು. ಅವಾಂತರವನ್ನು ಕಂಡ ಬಳಿಕ ಅದೇ ಸರ್ಕಾರವು, ಪ್ರತಿಯೊಬ್ಬ ಕೆಲಸಗಾರನೊಡನೆಯೂ ಲಿಖಿತ ಒಪ್ಪಂದ ಕಡ್ಡಾಯವೆಂಬ ಕಾನೂನನ್ನು 2008ರಿಂದ ಜಾರಿಗೆ ತಂದಿತು. ಹುದ್ದೆಯ ಭದ್ರತೆ ಹೋದ ಮೇಲೆ ಕಾಗದದ ಭದ್ರತೆಯಾದರೂ ಬೇಕೆಂಬುದು ಆ ದೇಶವೂ ಕಂಡುಕೊಂಡ ಪಾಠ.

ಹೊಸ ಸಂಹಿತೆಗಳು

ಭಾರತದಲ್ಲಿ 29 ಕೇಂದ್ರ ಕಾನೂನುಗಳನ್ನು ಒಳಗೊಂಡು 2019ರಲ್ಲಿ ವೇತನ ಸಂಹಿತೆಯೂ, 2020ರಲ್ಲಿ ಕೈಗಾರಿಕಾ ಸಂಬಂಧ, ಸಾಮಾಜಿಕ ಭದ್ರತೆ, ಹಾಗೂ ಔದ್ಯೋಗಿಕ ಸುರಕ್ಷೆಯ ಸಂಹಿತೆಗಳೂ ಅಂಗೀಕೃತವಾದುವು. ಈ ನಾಲ್ಕೂ ಜಾರಿಗೆ ಬಂದುದು 2025ರ ನವೆಂಬರ್ 21ರಂದು. ಇವುಗಳಲ್ಲಿ ಸಡಿಲಿಸಿದ ಗಂಟುಗಳೂ ಇವೆ, ಬಿಗಿದ ಗಂಟುಗಳೂ ಇವೆ.

ಸಡಿಲಿಸಿದವು ಇವು: ಹಿಂಕಡಿತಕ್ಕೂ ಕಾರ್ಖಾನೆ ಮುಚ್ಚುವುದಕ್ಕೂ ಸರ್ಕಾರದ ಅನುಮತಿ ಬೇಕಾದ ಮಿತಿಯು 100ರಿಂದ ಮತ್ತೆ 300ಕ್ಕೆ ಏರಿತು. ಗುತ್ತಿಗೆ ಕಾರ್ಮಿಕರ ನಿಯಮಗಳು ಅನ್ವಯವಾಗುವ ಮಿತಿಯು 20ರಿಂದ 50 ಆಯಿತು. ಮುಷ್ಕರಕ್ಕೆ 14 ದಿನಗಳ ಮುನ್ಸೂಚನೆ ಎಲ್ಲ ಕಾರ್ಖಾನೆಗಳಲ್ಲಿಯೂ ಕಡ್ಡಾಯವಾಯಿತು. ಇದಕ್ಕೆ ಮೊದಲೇ, 2023ರಲ್ಲಿ, ಕರ್ನಾಟಕವು ವಾರಕ್ಕೆ 48 ಗಂಟೆಗಳ ಮಿತಿಯನ್ನು ಉಳಿಸಿಕೊಂಡು ದಿನದ ದುಡಿಮೆಯನ್ನು 12 ಗಂಟೆಗಳವರೆಗೆ ವಿಸ್ತರಿಸಲು ಕಾರ್ಖಾನೆ ಕಾಯಿದೆಗೆ ತಿದ್ದುಪಡಿ ತಂದಿತ್ತು.

ಬಿಗಿದವು ಇವು: ಪ್ರತಿಯೊಬ್ಬ ಕೆಲಸಗಾರನಿಗೂ ನೇಮಕಪತ್ರ ಕೊಡಬೇಕು. ನಿಗದಿತ ಅವಧಿಗೆ ನೇಮಕಗೊಂಡವನಿಗೆ ಐದು ವರ್ಷಗಳ ಬದಲು ಒಂದೇ ವರ್ಷದ ಸೇವೆಗೆ ಉಪದಾನ ಸಲ್ಲಬೇಕು. ಕೆಲಸ ಬಿಟ್ಟವನ ಅಥವಾ ಕೆಲಸದಿಂದ ತೆಗೆದವನ ವೇತನದ ಬಾಕಿಯನ್ನು ಎರಡು ಕೆಲಸದ ದಿನಗಳೊಳಗೆ ತೀರಿಸಬೇಕು. ಹಿಂಕಡಿತಗೊಂಡವನಿಗೆ ಹೊಸ ಕುಶಲತೆ ಕಲಿಯಲೆಂದು ಮಾಲೀಕನು 15 ದಿನಗಳ ವೇತನವನ್ನು ಪ್ರತ್ಯೇಕ ನಿಧಿಗೆ ತುಂಬಬೇಕು. ಗುತ್ತಿಗೆದಾರನು ವೇತನ ಕೊಡದಿದ್ದರೆ ಮೂಲ ಮಾಲೀಕನೇ ಕೊಡಬೇಕೆಂಬ ಹಳೆಯ ನಿಯಮವೂ ಉಳಿದುಕೊಂಡಿದೆ. ಮೊಬೈಲಿನ ಮೂಲಕ ಕೆಲಸ ಪಡೆಯುವ ಗಿಗ್ ಕಾರ್ಮಿಕರಿಗೂ ಕ್ಷೇಮನಿಧಿ ಇರಬೇಕೆಂದು ಕರ್ನಾಟಕವು 2025ರಲ್ಲಿ ಪ್ರತ್ಯೇಕ ಕಾನೂನನ್ನೇ ಮಾಡಿದೆ.

ಎರಡೂ ಪಟ್ಟಿಗಳನ್ನು ತೂಗಿ ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ರಕ್ಷಣೆಯು ಹುದ್ದೆಯಿಂದ ಮೆಲ್ಲನೆ ಕಳಚಿ ವ್ಯಕ್ತಿಯ ಕಡೆಗೆ ಸರಿಯತೊಡಗಿದೆ. ತತ್ತ್ವತಃ ಇದು ಸರಿಯಾದ ದಿಕ್ಕು. ಆದರೆ ಹುದ್ದೆಯ ರಕ್ಷಣೆಯನ್ನು ಸಂಘವೂ ಸರ್ಕಾರವೂ ನೋಡಿಕೊಳ್ಳುತ್ತಿದ್ದುವು. ವ್ಯಕ್ತಿಯ ರಕ್ಷಣೆಯನ್ನು ಮೊದಲಿಗೆ ಆ ವ್ಯಕ್ತಿಯೇ ಕೇಳಿ ಪಡೆಯಬೇಕು. ಕೇಳಬೇಕಾದರೆ ತಿಳಿದಿರಬೇಕು. ತಿಳಿಯದವನ ಪಾಲಿಗೆ ಸಡಿಲಿಸಿದ ಗಂಟುಗಳು ತಾವಾಗಿಯೇ ಬಂದೊದಗುತ್ತವೆ; ಬಿಗಿದ ಗಂಟುಗಳು ಪುಸ್ತಕದಲ್ಲಿಯೇ ಉಳಿಯುತ್ತವೆ.

ಎರಡು ಲೆಕ್ಕಗಳು

ಹತ್ತನೆಯ ತರಗತಿಯ ವಿದ್ಯಾರ್ಥಿಯೂ ಮಾಡಬಹುದಾದ ಎರಡು ಲೆಕ್ಕಗಳನ್ನು ಇಲ್ಲಿ ಉದಾಹರಿಸಬಹುದು.

ಮೊದಲನೆಯದು ಉಪದಾನದ ಲೆಕ್ಕ. ತಿಂಗಳಿಗೆ 26 ಕೆಲಸದ ದಿನಗಳೆಂದು ಎಣಿಸಿ, ಪ್ರತಿ ವರ್ಷದ ಸೇವೆಗೆ 15 ದಿನಗಳ ವೇತನ ಕೊಡಬೇಕೆಂಬುದು ಸೂತ್ರ. ಕೊನೆಯ ವೇತನ 13,000 ರೂಪಾಯಿಗಳಾಗಿದ್ದರೆ, 13,000ವನ್ನು 26ರಿಂದ ಭಾಗಿಸಿದಾಗ ದಿನಕ್ಕೆ 500; ಹದಿನೈದು ದಿನಗಳಿಗೆ 7,500. ಐದು ವರ್ಷ ದುಡಿದವನಿಗೆ 37,500 ರೂಪಾಯಿ.

ಎರಡನೆಯದು ವೇತನದ ವ್ಯಾಖ್ಯೆಯ ಲೆಕ್ಕ. ಒಬ್ಬನಿಗೆ ತಿಂಗಳಿಗೆ ಒಟ್ಟು 20,000 ರೂಪಾಯಿ ದೊರೆಯುತ್ತದೆಯೆಂದೂ, ಅದರಲ್ಲಿ ಮೂಲವೇತನ ಮತ್ತು ತುಟ್ಟಿಭತ್ಯ ಸೇರಿ 7,000, ಉಳಿದ 13,000 ಇತರ ಭತ್ಯಗಳೆಂದೂ ಇಟ್ಟುಕೊಳ್ಳೋಣ. ಭತ್ಯಗಳು ಒಟ್ಟಿನ ಅರ್ಧವನ್ನು ಮೀರಿದರೆ ಮೀರಿದ ಭಾಗವನ್ನು ವೇತನಕ್ಕೇ ಸೇರಿಸಬೇಕೆಂಬುದು ಹೊಸ ಸಂಹಿತೆಯ ವಿಧಿ. ಅರ್ಧವೆಂದರೆ 10,000; ಮೀರಿದುದು 3,000; ಆದುದರಿಂದ ವೇತನ 7,000 ಅಲ್ಲ, 10,000. ಉಪದಾನವನ್ನು ಈ ಮೊತ್ತದ ಮೇಲೆ ಎಣಿಸಬೇಕು. ಈ ಕೂಡು-ಕಳೆಯುವ ಲೆಕ್ಕವನ್ನು ಅರಿಯದ ಕಾರಣಕ್ಕಾಗಿ ಒಬ್ಬ ಕೆಲಸಗಾರನು ಹತ್ತು ವರ್ಷಗಳಲ್ಲಿ ಕಳೆದುಕೊಳ್ಳಬಹುದಾದ ಹಣವು ಅವನ ಮಗಳ ಕಾಲೇಜಿನ ವೆಚ್ಚಕ್ಕೆ ಸಮನಾದೀತು.

ವಿದ್ಯಾಸಂಸ್ಥೆಗಳ ಕರ್ತವ್ಯ

ಮಠಗಳು ನಡೆಸುವ ಗ್ರಾಮೀಣ ಶಾಲೆಗಳಿಂದ ಹೊರಬರುವ ಮಕ್ಕಳಲ್ಲಿ ಎಲ್ಲರೂ ವೈದ್ಯರೋ ಇಂಜಿನಿಯರರೋ ಆಗುವುದಿಲ್ಲ. ಬಹುಮಂದಿ ದೊಡ್ಡಬಳ್ಳಾಪುರದ ಉಡುಪಿನ ಕಾರ್ಖಾನೆಗೋ, ದಾಬಸ್‌ಪೇಟೆಯ ಉಗ್ರಾಣಕ್ಕೋ, ವಿಮಾನನಿಲ್ದಾಣದ ಗುತ್ತಿಗೆದಾರನ ಬಳಿಗೋ ಹೋಗುವವರು. ಛಂದಸ್ಸು, ವ್ಯಾಕರಣ, ಬೀಜಗಣಿತಗಳನ್ನು ಕಲಿಸುವ ಶಾಲೆಯು ಅವರ ಬಾಳಿನ ಮೊದಲ ಒಪ್ಪಂದದ ಕಾಗದವನ್ನು ಓದುವುದನ್ನೂ ಕಲಿಸಬೇಕಾಗಿದೆ. ಕನ್ನಡದ ಪಾಠದಲ್ಲಿ ಪತ್ರಲೇಖನವಿದೆ. ರಜೆಯ ಅರ್ಜಿಯ ಜೊತೆಗೆ ಒಂದು ನೇಮಕಪತ್ರವನ್ನೂ ಒಂದು ವೇತನಚೀಟಿಯನ್ನೂ ಓದಿಸಿ ಅರ್ಥ ಬಿಡಿಸಬಹುದು. ಮಾಲೀಕನ ಹೆಸರೇನು, ಅವಧಿ ಎಷ್ಟು, ವೇತನದ ಭಾಗಗಳಾವುವು, ಭವಿಷ್ಯನಿಧಿಯ ಸಂಖ್ಯೆ ಇದೆಯೇ, ದೂರನ್ನು ಯಾರಿಗೆ ಸಲ್ಲಿಸಬೇಕು – ಈ ಐದು ಪ್ರಶ್ನೆಗಳಿಗೆ ಉತ್ತರ ಹುಡುಕಲು ಬಲ್ಲ ವಿದ್ಯಾರ್ಥಿಯು ಯಾರ ಮುಂದೆಯೂ ಕೈಕಟ್ಟಿ ನಿಲ್ಲಬೇಕಾಗಿಲ್ಲ.

ಎಚ್.ಎಂ.ಟಿ., ಐ.ಟಿ.ಐ.ಯಂಥ ಕಾರ್ಖಾನೆಗಳಲ್ಲಿ ದುಡಿದು ನಿವೃತ್ತರಾದ ಹಿರಿಯ ವಿದ್ಯಾರ್ಥಿಗಳು ವರ್ಷಕ್ಕೊಂದು ದಿನ ಶಾಲೆಗೆ ಬಂದು ತಮ್ಮ ಅನುಭವವನ್ನು ತಿಳಿಸಿದರೆ, ಅದು ಯಾವ ಪಠ್ಯಪುಸ್ತಕದಲ್ಲಿಯೂ ದೊರೆಯದ ವಿದ್ಯೆಯಾದೀತು. ಉದ್ಯಮಗಳ ಒಡೆತನವಿರುವ ದಾನಿಗಳು ಶಾಲೆಗೆ ಕಟ್ಟಡ ಕಟ್ಟಿಸಿಕೊಡುವಷ್ಟೇ ಶ್ರದ್ಧೆಯಿಂದ ತಮ್ಮ ಕಾರ್ಖಾನೆಯ ಗುತ್ತಿಗೆಯ ಆಳಿಗೂ ನೇಮಕಪತ್ರ ಸಂದಿದೆಯೇ ಎಂದು ವಿಚಾರಿಸಿದರೆ, ಅದೂ ದಾಸೋಹವೇ. ಏಕೆಂದರೆ ಶರಣರ ದೃಷ್ಟಿಯಲ್ಲಿ ದಾಸೋಹಕ್ಕೆ ಸಲ್ಲುವುದು ಸತ್ಯಶುದ್ಧವಾದ ಕಾಯಕದಿಂದ ಬಂದ ಪದಾರ್ಥ ಮಾತ್ರ.

ಹನ್ನೆರಡನೆಯ ಶತಮಾನದ ಆಯ್ದಕ್ಕಿ ಮಾರಯ್ಯನು ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದವನು. ಒಂದು ದಿನ ಅವನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಹೆಂಡತಿ ಲಕ್ಕಮ್ಮನು ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದ ಪ್ರಸಂಗವು ಸರ್ವವಿದಿತ. ಈ ಕಥೆಯನ್ನು ಅತ್ಯಾಸೆಯ ಖಂಡನೆಯೆಂದು ಹೇಳುವುದು ವಾಡಿಕೆ. ಅದರಲ್ಲಿ ಮತ್ತೊಂದು ಅರ್ಥವೂ ಇದೆ: ಲಕ್ಕಮ್ಮನಿಗೆ ತನ್ನ ಮನೆಗೆ ಸಲ್ಲಬೇಕಾದ ಅಳತೆ ಗೊತ್ತಿತ್ತು. ಅಳತೆಯನ್ನು ಬಲ್ಲವಳಾದುದರಿಂದಲೇ ಆಕೆ ಹೆಚ್ಚನ್ನು ಹಿಂದಿರುಗಿಸಬಲ್ಲವಳಾದಳು. ಅದೇ ಬಲದಿಂದ ಕಡಿಮೆಯಾದುದನ್ನು ಕೇಳಲೂ ಬಲ್ಲವಳಾಗಿದ್ದಳು. ಖಾಯಂ ಆಗಲಿ, ಗುತ್ತಿಗೆಯಾಗಲಿ, ತನಗೆ ಸಲ್ಲಬೇಕಾದ ಅಳತೆಯನ್ನು ಅರಿತ ಕೈಗಳು ಈ ಸೀಮೆಯ ಶಾಲೆಗಳಿಂದ ಹೊರಬರಲಿ.